ಒಂದು ಕೊಂಬಿನ ಆಡು

"ನಾಲ್ಕು ಮನೆ ಹೊಗೆ ತೋರಿಸಿದ್ರೆ ರಸ್ತೆ ಉಳೀತದೆ ಅಂತಾರಲ್ಲ ಸಾಹೇಬ್ರು, ನನ್ನ ಪೈಪನ್ನೂ ಒಂದು ಮನೆ ಅಂತ ಬರ್ಕೊಂಬಿಡ್ಲಿ!"

ನಜ್ಜಾರೆನೊ ಮುದುಕ ಹಾಗೆಂದಾಗ ಕ್ಲೇಲಿಯಾ ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೊಂದು ಗುದ್ದಿದಳು. ಕಣಿವೆಯ ಕಚೇರಿಯಿಂದ ಬಂದಿದ್ದ ಫುಲ್ವಿಯೊಗೆ ನಗು ಬರಲಿಲ್ಲ. ಬೆಳಗ್ಗೆಯಿಂದ ಮಳೆಯಲ್ಲಿ ಬೆಟ್ಟದ ಹಳ್ಳಿ ಕಾಸ್ತೆಲ್‌ಸೋರ್ದೊದ ಕಲ್ಲುಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು, ಒಂದೊಂದು ಬಾಗಿಲನ್ನೂ ತಟ್ಟಿ ನೋಡಿ ಬಂದಿದ್ದ. ಜನ ವಾಸವಿರುವ ಗುರುತಿದ್ದ ಮನೆ ಮೂರೇ, ಒಂದೊಂದಕ್ಕೆ ಒಬ್ಬೊಬ್ಬರು. ನಾಲ್ಕಕ್ಕಿಂತ ಕಡಿಮೆಯಾದರೆ ಈ ಚಳಿಗಾಲದಿಂದ ರಸ್ತೆಯ ಹಿಮ ತೆಗೆಯುವುದಿಲ್ಲ, ಕರೆಂಟೂ ಇಲ್ಲ. ಮೂವರನ್ನೂ ಕಣಿವೆಯ ಮೂರು ಬೇರೆ ಬೇರೆ ವೃದ್ಧಾಶ್ರಮಗಳಿಗೆ ಸೇರಿಸುವುದು ಎಂದು ಕಚೇರಿಯ ಕಾಗದ ಹೇಳುತ್ತಿತ್ತು. ಅದಕ್ಕೆ ಅವರ ರುಜು ಹಾಕಿಸಿಕೊಂಡು ಮಧ್ಯಾಹ್ನದೊಳಗೆ ಬೆಟ್ಟ ಇಳಿಯಬೇಕೆಂದು ಅವನು ಬಂದಿದ್ದ.

ಮೂವರೂ ಸಿಕ್ಕಿದ್ದು ಊರಿನವರೆಲ್ಲ ಸೇರಿ ಬ್ರೆಡ್ಡು ಸುಡುವ ಹಳೆಯ ಭಟ್ಟಿಯ ಮನೆಯಲ್ಲಿ. ಅವತ್ತು ಶನಿವಾರ. ಎಂಬತ್ತು ದಾಟಿದ ಓರ್ಸೊಲಾ ಅಜ್ಜಿ ಒಂದೊಂದು ಹಿಟ್ಟಿನ ಉಂಡೆಯ ಮೇಲೂ ಆಯಾ ಮನೆಯ ಮರದ ಅಚ್ಚು ಒತ್ತಿದಳು. ಅವಳದು ನಕ್ಷತ್ರ, ಕ್ಲೇಲಿಯಾಳದು ಮೀನು, ನಜ್ಜಾರೆನೊನದು ಬೀಗದ ಕೈ. ಉದ್ದ ಹಿಡಿಯ ಹಲಗೆಯಲ್ಲಿ ಮೂರನ್ನೂ ಒಳಗೆ ತಳ್ಳಿ, "ಭಟ್ಟಿ ಬಾಗಿಲು ನೀನೇ ಮುಚ್ಚು ಮಗಾ, ನನ್ನ ಭುಜ ಏಳಲ್ಲ" ಎಂದಳು. ಫುಲ್ವಿಯೊ ಕಬ್ಬಿಣದ ಬಾಗಿಲು ಎಳೆದು ಅಗುಳಿ ಹಾಕಿದ.

"ಎಷ್ಟು ಹಾಕಿದ್ವಿ?"

"ಮೂರು."

"ನೆನಪಿಟ್ಕೊ. ಬೇಯೋದಕ್ಕೆ ಒಂದು ಗಂಟೆ ಬೇಕು. ರುಜು ಆಮೇಲೆ ನೋಡೋಣ."

ಫುಲ್ವಿಯೊ ತನ್ನ ಚೀಲವನ್ನು ಮೂಲೆಯ ಖಾಲಿ ಮಣೆಯ ಮೇಲಿಟ್ಟ.

"ಅಲ್ಲಿ ಬೇಡ ಸಾಹೇಬ್ರೆ, ತೆಗೀರಿ," ಎಂದ ನಜ್ಜಾರೆನೊ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಯಾರೂ ಕೂತಿಲ್ಲವಲ್ಲ," ಎಂದು ಫುಲ್ವಿಯೊ ಬೆಂಚಿನ ಮೇಲೆ ಕೂತುಬಿಟ್ಟ. ಅಜ್ಜಿ ಒಮ್ಮೆ ಆ ಮೂಲೆ ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಹೊರಗೆ ಹಂಚಿನ ಮೇಲೆ ಮಳೆ ಜೋರಾಯಿತು.

"ಇರ್ಲಿ ಬಿಡೊ ನಜ್ಜಾರೆನೊ, ಗೊತ್ತಿಲ್ದವನು... ಕೇಳು ಮಗಾ. ನಮ್ಮನ್ನ ಎಬ್ಬಿಸೋಕೆ ಕಾಗದ ಹಿಡ್ಕೊಂಡು ಬಂದವನು ನೀನೇ ಮೊದಲ್ನೇವನು ಅಂದ್ಕೊಂಡ್ಯಾ? ಯುದ್ಧದ ವರ್ಷ, ನನಗಾಗ ಏಳು, ಇದೇ ಭಟ್ಟಿ ಮುಂದೆ ಸಿಪಾಯಿಗಳು ಬಂದು ನಿಂತು, ಒಂದು ಗಂಟೇಲಿ ಊರು ಖಾಲಿ ಮಾಡಿ ಅಂತ ಬಂದೂಕು ತೋರ್ಸಿದ್ರು. ಎಲ್ರೂ ಕೋಳಿ ಕಟ್ಕೊಂಡು, ಮಕ್ಕಳನ್ನ ಎತ್ಕೊಂಡು ಹೊರಟ್ವಿ. ಒಬ್ಳು ಹೊರಡ್ಲಿಲ್ಲ... ಅರ್ಕಾಂಜೆಲಾ. ಗಂಡ ಇಲ್ಲ, ಮಕ್ಕಳಿಲ್ಲ, ಆ ಮನೆಗೆ ಅವಳೇ ಕೊನೆ. ಅವಳ ಅಚ್ಚು ಒಂದು ಆಡು, ಒಂದು ಕೊಂಬು ಮುರಿದು ಹೋಗಿತ್ತು. ಸಿಪಾಯಿಗಳ ದೊಡ್ಡವನಿಗೆ ಏನಂದ್ಳು ಗೊತ್ತಾ? 'ನನ್ನ ಬ್ರೆಡ್ಡು ಒಳಗಿದೆ. ಅದು ಬೇಯೋವರೆಗೂ ನಾನು ಬರಲ್ಲ. ನಿನ್ನವ್ವ ಆದ್ರೂ ಬರ್ತಿದ್ಲಾ?' ಅಂತ! ಅಂದು ಆ ಮಣೆ ಮೇಲೆ ಕೂತ್ಳು ನೋಡು... ಅವರೂ ಬಿಟ್ಟು ಹೋದ್ರು.

"ಆ ಚಳಿಗಾಲ ಪೂರ್ತಿ ನಾವು ಕಣಿವೇಲಿದ್ವಿ. ಶನಿವಾರ ಬಂತು ಅಂದ್ರೆ ಊರಿಗೆ ಊರೇ ಹೊರಗೆ ಬಂದು ಮೇಲೆ ನೋಡೋದು. ಹೊಗೆ! ಒಂದು ಶನಿವಾರಾನೂ ತಪ್ಲಿಲ್ಲ. ಬದುಕಿದಾಳೆ ಮುದುಕಿ, ಅವರ ಕೈಗೆ ಸಿಕ್ಕಿಲ್ಲ ಅಂತ ನಮ್ಮವ್ವ ಕುಣಿದಾಡಿದ್ಳು. ಹಿಮ ಕರಗಿದ ಮೇಲೆ ಹತ್ತಿ ಬಂದ್ವಿ. ಅಲ್ಲೇ ಇದ್ಳು, ಅದೇ ಮಣೆ ಮೇಲೆ, ಗೋಡೆಗೆ ಒರಗಿ... ಡಾಕ್ಟ್ರು ಮುಟ್ಟಿ ನೋಡಿ, ಇವಳು ಹೋಗಿ ನಾಲ್ಕು ತಿಂಗಳಾಯ್ತು, ಮೊದಲ ವಾರದಲ್ಲೇ ಹೋಗಿದಾಳೆ ಅಂದ್ರು. ಮತ್ತೆ ಆ ಹೊಗೆ ಯಾರದು ಮಗಾ? ನಮ್ಮವ್ವ ಭಟ್ಟಿ ಬಾಗಿಲು ತೆಗೆದ್ರೆ ಒಳಗೆ ಬಿಸಿ ಬಿಸಿ ಬ್ರೆಡ್ಡು... ಅದನ್ನ ಒಳಗೆ ಇಟ್ಟವರು ಯಾರು?

"ನಮ್ಮಲ್ಲಿ ಒಂದು ಕಟ್ಟಳೆ. ಮನೆಯ ಕೊನೆಯವರು ಹೋದ್ರೆ ಆ ಮನೆ ಅಚ್ಚನ್ನ ಈ ಭಟ್ಟಿಗೇ ಹಾಕಿ ಸುಡ್ಬೇಕು. ಸುಟ್ರೆ ಆ ಮನೆ ಆರ್ತು. ಆಡಿನ ಅಚ್ಚನ್ನ ಸುಡೋಕೆ ಅಂತ ನನ್ನ ಕೈಗೆ ಕೊಟ್ಟಿದ್ರು. ನಾನು ಸುಡ್ಲಿಲ್ಲ. ಹೆಣದ ಪೆಟ್ಟಿಗೆ ಮುಚ್ಚೋ ಮುಂಚೆ ಅವಳ ಮುಷ್ಟೀಲಿ ತುರುಕಿಬಿಟ್ಟೆ. ತಪ್ಪೇ ಇರಬಹುದು. ಪಾದ್ರಿಗಳು ಗೊತ್ತಾದ ಮೇಲೆ ನನ್ನ ಕಿವಿ ಕಿತ್ತು ಕೈಗೆ ಕೊಟ್ರು. ಆದ್ರೆ ಬಂದೂಕಿಗೇ ಆರದ ಮನೆಯನ್ನ ನಾನು ಹೇಗೆ ಆರಿಸ್ಲಿ?"

ಬ್ರೆಡ್ಡಿನ ಘಮ ತುಂಬಿಕೊಂಡಿತ್ತು. ಅಜ್ಜಿ ಗಲ್ಲ ಎತ್ತಿ, "ತೆಗಿ," ಎಂದಳು.

ಫುಲ್ವಿಯೊ ಅಗುಳಿ ಜಾರಿಸಿದ. ಹಲಗೆ ತೂರಿಸಿ ಒಂದೊಂದಾಗಿ ಎಳೆದ. ನಕ್ಷತ್ರ. ಮೀನು. ಬೀಗದ ಕೈ. ಹಲಗೆ ಮತ್ತೆ ಏನಕ್ಕೋ ತಾಗಿತು. ನಾಲ್ಕನೆಯದು ಹೊರಗೆ ಬಂತು. ಅದರ ಕಂದು ಹೊಟ್ಟೆಯ ಮೇಲೆ ಆಡೊಂದು ನಿಂತಿತ್ತು, ಒಂದೇ ಕೊಂಬು.

"ಇದು... ಯಾರದು?"

"ಯಾರದು ಅಂತ ಇಷ್ಟೊತ್ತು ಹೇಳಿದ್ದೇನು ನಾನು?" ಎಂದು ಅಜ್ಜಿ ರೇಗಿದಳು.

"ಮೊದಲೇ ಒಳಗೆ ಇಟ್ಟಿದ್ರಿ ನೀವು."

"ನೀವು ಬರೋ ಮುಂಚೆ ಇಟ್ಟಿದ್ರೆ ಇಷ್ಟೊತ್ತಿಗೆ ಇದ್ದಲು ಆಗಿರ್ತಿತ್ತು ಸಾಹೇಬ್ರೆ," ಎಂದಳು ಕ್ಲೇಲಿಯಾ. "ಬಾಗಿಲು ಹಾಕಿದ್ದು ನೀವೇ."

ಓರ್ಸೊಲಾ ಬಿಸಿ ಬ್ರೆಡ್ಡನ್ನು ತನ್ನ ಹೆಗಲ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು.

"ರಸ್ತೆ ಮುಚ್ಚು, ಕರೆಂಟು ಕೀಳು. ನಮ್ಮನ್ನ ಮೂರು ದಿಕ್ಕಿಗೆ ಕಳ್ಸು. ನಾವು ಮೂರೂ ಜನ ಮಾತಾಡ್ಕೊಂಡಿದೀವಿ ಮಗಾ, ನಮ್ಮ ಅಚ್ಚುಗಳನ್ನೂ ಯಾರೂ ಸುಡಲ್ಲ, ಸತ್ರೂ ನಮ್ಮ ಮುಷ್ಟೀಲೇ ಇರ್ತವೆ. ಆಮೇಲೆ ಶನಿವಾರ ಶನಿವಾರ ನಿನ್ನ ಕಚೇರಿ ಕಿಟಕೀಲಿ ಮೇಲೆ ನೋಡು... ನಾಲ್ಕು ಹೊಗೆ ಏಳ್ತವೆ. ಆಗ ರುಜು ಹಾಕ್ಸೋಕೆ ಯಾರನ್ನ ಕಳಿಸ್ತೀಯ?"

ಫುಲ್ವಿಯೊ ಚೀಲಕ್ಕಾಗಿ ಮೂಲೆಗೆ ತಿರುಗಿದ. ಈ ಒಂದು ಗಂಟೆಯಲ್ಲಿ ಆ ಕಡೆ ಯಾರೂ ಎದ್ದು ಹೋಗಿರಲಿಲ್ಲ. ಆದರೂ ಮಣೆ ಖಾಲಿಯಾಗಿತ್ತು. ಚೀಲ ಅದರ ಪಕ್ಕದ ನೆಲದ ಮೇಲೆ ನೀಟಾಗಿ ನಿಂತಿತ್ತು. ಮಣೆಯ ಮೇಲೆ ಒಂದು ಚಿಟಿಕೆ ಹಿಟ್ಟು ಚೆಲ್ಲಿತ್ತು.

ಅವನು ಬಗ್ಗಿ, ಮಣೆಗೆ ಮೈ ತಾಗದಂತೆ ಕೈ ಚಾಚಿ ಚೀಲವನ್ನೆತ್ತಿಕೊಂಡ. ಕಾಗದ ತೆಗೆದು ಮೊಣಕಾಲ ಮೇಲಿಟ್ಟು, ಮನೆಗಳ ಲೆಕ್ಕದಲ್ಲಿ ಮೂರು ಎಂದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಾಲ್ಕು ಎಂದು ಬರೆದ.