ಸ್ವಇಚ್ಛೆಯಿಂದ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಯಾವ್ದೋ ಹೊಸ ನಂಬರು... ನೋಡಿ, ಕೋಟಿನ ತೋಳಿನ್ನೂ ಕೂರಿಸಿಲ್ಲ, ನಾಳಿದ್ದು ಬನ್ನಿ ಅಂತ ಆಗ್ಲೇ ಹೇಳಿದೀನಿ... ಯಾರು?... ಹಾಂ? ನೀನಾ?"

ದರ್ಜಿ ಅಂಗಡಿಯ ಅಕ್ಕ ಬಾಯಲ್ಲಿದ್ದ ಎರಡು ಗುಂಡುಸೂಜಿಗಳನ್ನು ತೆಗೆದು ತನ್ನ ಕಾಲರಿಗೇ ಚುಚ್ಚಿಕೊಂಡಳು. ಸೂಜಿ ಬಾಯಲ್ಲಿಟ್ಟುಕೊಂಡೇ ಗಿರಾಕಿಗಳ ಜೊತೆ ಅರ್ಧ ಗಂಟೆ ಜಗಳ ಆಡಬಲ್ಲ ಹೆಂಗಸು ಆಕೆ. ಸೂಜಿ ತೆಗೆದಳೆಂದರೆ ವಿಷಯ ಸಣ್ಣದಲ್ಲ.

"ಇದ್ಯಾರ ಫೋನು?... ಆಯಾದಾ? ನಿಂದೇನಾಯ್ತು?... ಓ, ನಿನ್ನೆ ಸಂಜೆನಾ. ಗೋಡೆಗೆ ಎಸೆದ್ನಾ, ನೆಲಕ್ಕಾ?... ಗೋಡೆಗೆ. ಹೋಗ್ಲಿ ಬಿಡು, ನಮ್ಮನೇಲಿ ಹೀಗೇ ಮೂರು ಹೋಗಿವೆ. ಈಗ ಎಲ್ಲಿದೀಯ?... ಶಾಲೇಲಾ? ಜೊತೆಗೆ ಯಾರಿದಾರೆ?... ಯಾರೂ ಇಲ್ವಾ?"

"ಒಬ್ಳೇ ಯಾಕೆ ಹೋದೆ ತಾಯಿ? ಶಾಲೆಯಿಂದ ಕರೆ ಬಂದ್ರೆ ಒಬ್ಬೊಬ್ರೇ ಹೋಗ್ಬಾರ್ದು ಅಂತ ಎಷ್ಟು ಸಲ ಬಡ್ಕೊಂಡಿದೀನಿ... ನನಗೆ ತೊಂದ್ರೆ ಕೊಡ್ಬಾರ್ದು ಅಂತ. ಆಹಾ... ಒಂದು."

ಆ 'ಒಂದು' ಎಂಬುದರ ಹಿಂದೆಯೇ ಟಿಣ್ಣೆಂದು ಸದ್ದಾಯಿತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ ಅಕ್ಕ ಒಂದು ಅಂಗಿ ಗುಂಡಿ ಹಾಕಿದ್ದಳು.

ಆ ಕಡೆಯಿದ್ದವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ. ಒಡಹುಟ್ಟಿದವಳೇನಲ್ಲ. ಭಾನುವಾರ ಬೆಳಗ್ಗೆ ಈ ಅಂಗಡಿಯ ಶಟರನ್ನು ಅರ್ಧ ಎಳೆದು, ಹೊಲಿಗೆ ಯಂತ್ರಗಳ ಸಂದಿಯಲ್ಲಿ ಎಂಟು ಹತ್ತು ಮಂದಿ ಅಪ್ಪ ಅಮ್ಮಂದಿರು ಕೂರುತ್ತಾರೆ, ಅವರಲ್ಲಿ ಒಬ್ಬಳು. ಅವರ ಮಕ್ಕಳು ಸಿಟ್ಟು ನೆತ್ತಿಗೇರಿದರೆ ಇಳಿಸಿಕೊಳ್ಳಲು ಬಾರದವರು, ಕೈಗೆ ಸಿಕ್ಕಿದ್ದನ್ನು ಎಸೆಯುವವರು, ಕೂತಲ್ಲಿ ಕೂರದವರು. ಮಕ್ಕಳನ್ನು ಬೆಳೆಸುವುದು ಹೇಗೆಂದು ಊರೆಲ್ಲ ಅವರಿಗೆ ಬಿಟ್ಟಿ ಪಾಠ ಹೇಳುತ್ತದೆ. ಈ ಅಂಗಡಿಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲಿ ಇರುವುದು ಒಂದೇ ಕಾನೂನು. ತನ್ನದಲ್ಲದ ತಪ್ಪಿಗೆ ಯಾರಾದರೂ 'ತಪ್ಪಾಯ್ತು' ಅಂದರೆ, 'ಸಾರಿ' ಅಂದರೆ, 'ಕ್ಷಮಿಸಿ' ಅಂದರೆ, ಡಬ್ಬಿಗೆ ಒಂದು ಗುಂಡಿ. ಹೆಚ್ಚು ಗುಂಡಿ ಬಿದ್ದವರು ಅಂಗಡಿ ಗುಡಿಸಬೇಕು. ಕನ್ನಡಕದ ತಂಗಿ ಬಂದ ಮೊದಲ ಭಾನುವಾರವೇ ಮೂವತ್ತೊಂದು ಗುಂಡಿ ಬೀಳಿಸಿ, ಕೊನೆಗೆ ಕಾಲಿಗೆ ತಾಗಿದ ಸ್ಟೂಲಿಗೂ ಸಾರಿ ಹೇಳಿ, ಅಂಗಡಿಯನ್ನು ಕನ್ನಡಿಯ ಹಾಗೆ ಗುಡಿಸಿಟ್ಟು ಹೋಗಿದ್ದಳು.

"ನಿನ್ನ ಮಗ ಎಲ್ಲಿದಾನೆ, ನಮ್ಮ ಗುಡುಗಪ್ಪ?... ಮೇಜಿನ ಕೆಳಗಾ? ಇರ್ಲಿ, ಎಳೀಬೇಡ. ಆಯಾ ಹತ್ರ ಇದಾಳಲ್ವಾ?... ಸಾಕು. ಯಾರೂ ಅವನನ್ನ ಮಾತಾಡಿಸೋದು ಬೇಡ. ಈಗ ನಿಧಾನಕ್ಕೆ ಹೇಳು. ಏನು ಮಾಡ್ದ ಅಂತಲ್ಲ, ಅದು ಎಲ್ರೂ ಹೇಳ್ತಾರೆ. ಅದಕ್ಕೂ ಮುಂಚೆ ಏನಾಯ್ತು?"

"ಸೈರನ್ನಾ? ಗಂಟೆ ತೆಗೆದು ಸೈರನ್ ಹಾಕಿದಾರಾ?... ಅವನು ಕೂರೋ ಜಾಗದ ಮೇಲೇನೇ? ಶಿವನೇ... ಅಲ್ಲ, ಬೆಲ್ ಆಗೋಕೆ ಐದು ನಿಮಿಷ ಮುಂಚೆ ಅವನನ್ನ ಹೊರಗೆ ಕಳ್ಸಿ ಅಂತ ಡಾಕ್ಟರು ಬರ್ದು ಕೊಟ್ಟಿದ್ರಲ್ಲ? ಆ ಚೀಟಿ ಎಲ್ಲೋಯ್ತು?... ಅವರ ಫೈಲಲ್ಲೇ ಇದ್ಯಾ. ಸರಿಹೋಯ್ತು. ಫೈಲಿಗೆ ಓದೋಕೆ ಬರುತ್ತಾ?"

"ಹೂಂ... ಕಿಟಕಿ ಗಾಜು... ಆಮೇಲೆ?... ಟೀಚರ್ ಕೈ ಕಚ್ಚಿದ್ನಾ. ರಕ್ತ ಬಂತಾ?... ಪಾಪ. ಅದು ತಪ್ಪೇ, ಅದನ್ನ ತಪ್ಪಲ್ಲ ಅನ್ನಲ್ಲ ನಾನು. ಅವರ ಹತ್ರ ಆಮೇಲೆ ಇಬ್ರೂ ಹೋಗಿ ಮಾತಾಡೋಣ. ಅವರು ಇವನನ್ನ ಹಿಂದಿನಿಂದ ತಬ್ಬಿ ಹಿಡ್ಕೊಂಡಿದ್ರಾ?... ಅದೇ ಮತ್ತೆ. ಸೈರನ್ ಕೂಗ್ತಿರುವಾಗ... ಎರಡು. ಅವನ ಪರವಾಗಿ ನೀನು ಹೇಳಿದ್ರೂ ಲೆಕ್ಕಕ್ಕೆ ಬರುತ್ತೆ. ಹಾಂ, ಹಾಗಂದಿದ್ದಕ್ಕೂ ಇನ್ನೊಂದು. ಮೂರು."

ಟಿಣ್, ಟಿಣ್.

ಅಂಗಡಿಯ ಬಾಗಿಲ ಬಳಿ ಮೋಟು ಸ್ಟೂಲಿನ ಮೇಲೆ ಅಕ್ಕನ ಮಗಳು ಕೂತಿದ್ದಳು. ಹದಿಮೂರು ವರ್ಷ. ಬೆಳಗಿನ ಪಾಳಿಯ ಶಾಲೆ ಮುಗಿಸಿ ಬಂದು, ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುತ್ತಿದ್ದಳು. ಆ ಕೆಲಸ ಅವಳಿಗೆ ಇಷ್ಟ. ಸಿಟ್ಟು ಬಂದ ದಿನ ಎಲ್ಲವನ್ನೂ ನೆಲಕ್ಕೆ ಸುರಿದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಡಬ್ಬಿಯ ಸದ್ದಿಗೆ ತಲೆಯೆತ್ತಿ ನಕ್ಕು, ಆಂಟಿ ಫೋನಾ ಎಂದು ಕಣ್ಣಲ್ಲೇ ಕೇಳಿದಳು. ಅಕ್ಕ ತಲೆಯಾಡಿಸಿದಳು.

"ಎಂಥ ಕಾಗದ?... ಮೊದ್ಲೇ ಟೈಪ್ ಮಾಡಿ ಇಟ್ಟಿದಾರಾ? ಅಂದ್ರೆ ಗಾಜು ಒಡೆಯೋದಕ್ಕೇ ಕಾಯ್ತಿದ್ರು ಅನ್ನು. ಓದು... ಓದು, ಪೂರ್ತಿ ಓದು."

"ನಿಲ್ಲು. ಆ ಸಾಲು ಇನ್ನೊಂದ್ಸಲ... 'ನನ್ನ ಮಗನನ್ನು ಸ್ವಇಚ್ಛೆಯಿಂದ ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದೇನೆ'... ಹಾಗೇ ಇದ್ಯಾ? ಅದೇ ಅಕ್ಷರ?"

ಯಂತ್ರದ ಕಾಲುಹಲಗೆಯ ಮೇಲಿದ್ದ ಅಕ್ಕನ ಪಾದ ನಿಂತುಹೋಯಿತು.

"ಸಹಿ ಹಾಕ್ಬೇಡ... ಹಾಕ್ಬೇಡ ಅಂದ್ರೆ ಹಾಕ್ಬೇಡ. ಕೈಯಲ್ಲಿ ಪೆನ್ನಿದ್ಯಾ?... ಅವರದ್ದಾ? ಕೆಳಗಿಡು... ಗೊತ್ತು ಕಣೇ, ಹೆಡ್ ಮೇಡಂ ಒಳ್ಳೆಯವರೇ. ಒಳ್ಳೆ ಮಾತಲ್ಲೇ ಹೇಳಿರ್ತಾರೆ. ಕುರ್ಚಿ ಎಳ್ಕೊಂಡು ನಿನ್ನ ಪಕ್ಕದಲ್ಲೇ ಕೂತಿರ್ತಾರೆ, ಮೇಜಿನ ಆ ಕಡೆ ಕೂತಿರಲ್ಲ. ನೀರು ಕೊಟ್ಟಿರ್ತಾರೆ. ನಿಮ್ಮ ಮಗೂ ಒಳ್ಳೇದಕ್ಕೇ ಅಂದಿರ್ತಾರೆ... ಅಂದ್ರಲ್ವಾ?... ನಂಗೆ ಹೇಗೆ ಗೊತ್ತು ಅಂದ್ರೆ..."

ಅಕ್ಕ ಬಾಗಿಲ ಕಡೆ ನೋಡಿದಳು. ಮಗಳು ಹಸಿರು ಗುಂಡಿಯೊಂದನ್ನು ಬೆಳಕಿಗೆ ಹಿಡಿದಿದ್ದಳು.

"ಪುಟ್ಟಿ, ಎದುರಂಗಡಿಗೆ ಹೋಗಿ ನೀಲಿ ದಾರ ತಗೊಂಡು ಬಾ."

ಮಗಳು ತಾಯಿಯ ತಲೆಯ ಹಿಂದಿನ ಗೋಡೆಗೆ ಕೈ ತೋರಿಸಿದಳು. ಅಲ್ಲಿ ನೀಲಿ ದಾರದ ಉಂಡೆಗಳು ಎರಡು ಸಾಲು ಇದ್ದವು. ಅವಳು ಮೇಲೇಳಲಿಲ್ಲ. ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಇಂಥ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

"ಇದೀನಿ, ಇದೀನಿ... ಮೇಡಂ ಕರೀತಿದಾರಾ? ಎರಡು ನಿಮಿಷ ಅನ್ನು... ನಾನು ಅಲ್ಲಿಗೆ ಬರೋಕೆ ಇಪ್ಪತ್ತು ನಿಮಿಷ ಬೇಕು, ಅಷ್ಟರೊಳಗೆ ನೀನು ಹಾಕಿಬಿಡ್ತೀಯ. ನಿನ್ನ ಸ್ವಭಾವ ನಂಗೆ ಗೊತ್ತಿಲ್ವಾ... ಏನು? ನಿಮ್ಮ ಮಗಳನ್ನ ಶಾಲೆಯವರೇ ತೆಗೆದ್ರು, ಸಹಿ ಹಾಕೋ ಯೋಚನೆ ನಿಮಗೆ ಇರ್ಲಿಲ್ಲ ಅಂತೀಯಾ?"

ಐದು ವರ್ಷದಿಂದ ಅಕ್ಕ ಎಲ್ಲರಿಗೂ ಒಂದೇ ಕಥೆ ಹೇಳಿಕೊಂಡು ಬಂದಿದ್ದಳು, ಮಗಳನ್ನು ಶಾಲೆಯವರು ಹೊರಗೆ ಹಾಕಿದರು ಅಂತ. ಭಾನುವಾರದವರು ಆ ಕಥೆ ಕೇಳಿಯೇ ಅವಳನ್ನು ಹಿರಿಯಕ್ಕ ಅಂದುಕೊಂಡಿದ್ದರು. ಮಗಳೂ ಅದನ್ನೇ ನಂಬಿದ್ದಳು. ಈಗ ಹೇಳದೆ ಹೋದರೆ ಆ ಕಡೆ ಸಹಿ ಬೀಳುತ್ತದೆ, ಹೇಳಿದರೆ ಈ ಕಡೆ ಇದೇ ಅಂಗಡಿಯಲ್ಲಿ ಮಗಳ ಮುಂದೆ ತಾನು ಬೀಳುತ್ತಾಳೆ.

"ಕೇಳು. ಬಾಯಿ ಹಾಕ್ಬೇಡ, ನಿಂತ್ರೆ ಮತ್ತೆ ಹೇಳೋಕಾಗಲ್ಲ. ನನ್ನ ಮಗಳನ್ನ ಯಾರೂ ತೆಗೀಲಿಲ್ಲ. ನಾನೇ ಸಹಿ ಹಾಕ್ದೆ. ಇದೇ ಕಾಗದ, ಇದೇ ಸ್ವಇಚ್ಛೆ. ಅವತ್ತು ಅವಳು ಬೆಂಚು ಉರುಳಿಸಿದ್ಲು. ಮೇಡಂ ನೀರು ಕೊಟ್ರು, ಬೆನ್ನು ಸವರಿದ್ರು. ನಾನು ಗೊಳೋ ಅಂತ ಅತ್ಕೊಂಡು, ತಪ್ಪಾಯ್ತು ತಪ್ಪಾಯ್ತು ಅಂತ ಸಹಿ ಹಾಕಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ... ಹೂಂ. ನಿಮಗೆಲ್ಲ ಸುಳ್ಳು ಹೇಳಿದೀನಿ. ಅವಳಿಗೂ ಹೇಳಿದೀನಿ... ಇಲ್ಲೇ ಇದಾಳೆ. ಕೇಳಿಸ್ಕೋತಿದಾಳೆ."

"ಆಮೇಲೆ ಏನಾಯ್ತು ಅಂದ್ರೆ, ಏಳು ಶಾಲೆ ತಿರುಗಿದೆ. ಎಲ್ಲಾ ಕಡೆ ಅದೇ ಕಾಗದ. ನೀವೇ ಬಿಡಿಸಿದ್ದಲ್ವಾ ಅಂದ್ರು. ಮೇಲಿನ ಆಫೀಸಿಗೆ ಹೋದೆ, ಅಲ್ಲೂ ನೀವೇ ಅಲ್ವಾ ಅಂದ್ರು. ಎರಡು ವರ್ಷ ಹೋಯ್ತು ಕಣೇ ಅವಳದ್ದು. ಅವರು ತಾವಾಗಿ ಬರ್ದು ತೆಗೆದಿದ್ರೆ ನಾನು ಅವರ ಕುತ್ತಿಗೆ ಪಟ್ಟಿ ಹಿಡಿದು ಕೇಳ್ಬಹುದಿತ್ತು. ನನ್ನ ಕೈಯಲ್ಲೇ ಬರೆಸ್ಕೊಂಡ್ರಲ್ಲ, ಯಾರನ್ನ ಕೇಳ್ಲಿ?"

ಅಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಮುಂದಿನ ಮಾತು ಫೋನಿಗೆ ಹೇಳಿದ್ದಲ್ಲ.

"ತಪ್ಪಾಯ್ತು ಪುಟ್ಟಿ."

ಮಗಳು ಎದ್ದು ಬಂದಳು. ಮುಖ ಕೆಂಪಗಾಗಿತ್ತು, ಮೂಗಿನ ಹೊಳ್ಳೆ ಅಗಲವಾಗಿತ್ತು. ಅಕ್ಕನ ಕಣ್ಣು ಅಭ್ಯಾಸಬಲದಿಂದ ಕತ್ತರಿಯ ಕಡೆ, ಇಸ್ತ್ರಿಪೆಟ್ಟಿಗೆಯ ಕಡೆ ಹೋಯಿತು. ಮಗಳು ಅವೆರಡನ್ನೂ ಮುಟ್ಟಲಿಲ್ಲ. ಕೈಯಲ್ಲಿದ್ದ ಹಸಿರು ಗುಂಡಿಯನ್ನು ಡಬ್ಬಿಯ ಮೇಲೆ ಹಿಡಿದು, ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅದನ್ನು ಡಬ್ಬಿಗೆ ಹಾಕದೆ ಮೇಜಿನ ಮೇಲಿಟ್ಟಳು. ಕಾನೂನು ಅವಳಿಗೂ ಗೊತ್ತಿತ್ತು, ನಿಜವಾಗಿ ತಪ್ಪು ಮಾಡಿದವರು ತಪ್ಪಾಯ್ತು ಅಂದರೆ ಅದಕ್ಕೆ ಗುಂಡಿ ಇಲ್ಲ.

ಅಕ್ಕನ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಗಳು ಕೈ ಚಾಚಿ ಫೋನ್ ತೆಗೆದುಕೊಂಡಳು.

"ಆಂಟಿ, ನಾನು... ಇಲ್ಲ, ಗೊತ್ತಿರ್ಲಿಲ್ಲ. ಈಗ್ಲೇ ಗೊತ್ತಾಗಿದ್ದು... ಹೂಂ, ಬಂದಿದೆ ಸಿಟ್ಟು. ತುಂಬಾ ಬಂದಿದೆ. ಅಮ್ಮನ ಹತ್ರ ಆಮೇಲೆ ಮಾತಾಡ್ತೀನಿ... ಅದಲ್ಲ ಆಂಟಿ. ನಾಳೆ ಬೆಳಗ್ಗೆ ಗುಡುಗಪ್ಪ ಎದ್ದು ಬ್ಯಾಗ್ ಹಾಕ್ಕೊಂಡ್ರೆ ಏನು ಹೇಳ್ತೀರ?"

"ನಾನು ಹಾಕ್ಕೊಂಡಿದ್ದೆ. ದಿನಾ. ಬ್ಯಾಗ್ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತಿರ್ತಿದ್ದೆ... ಐದು ತಿಂಗಳೋ ಏನೋ. ನಾನು ಕೆಟ್ಟೋಳಲ್ಲ ಅಂತ ಗೊತ್ತಾದ್ರೆ ವಾಪಸ್ ಕರೀತಾರೆ ಅಂದ್ಕೊಂಡಿದ್ದೆ. ಆಗ ಮನೇಲಿ ಒಂದು ಲೋಟನೂ ಒಡೀಲಿಲ್ಲ ಆಂಟಿ. ಎಲ್ರೂ ಎಷ್ಟು ಸುಧಾರಿಸಿದಾಳೆ ಅಂದ್ರು... ಸುಧಾರಿಸಿರ್ಲಿಲ್ಲ. ಹೆದರಿದ್ದೆ, ಅಷ್ಟೇ."

"ಹಾಂ, ಅವನು ಮೇಜಿನ ಕೆಳಗಿಂದ ಎಲ್ಲಾ ಕೇಳಿಸ್ಕೋತಿರ್ತಾನೆ. ನೀವು ಏನು ಹೇಳ್ತೀರ ಅಂತ. ನಾನೂ ಕೇಳಿಸ್ಕೋತಿದ್ದೆ... ಅಮ್ಮನಿಗೆ ಕೊಡ್ತೀನಿ."

ಅಕ್ಕ ಫೋನ್ ತೆಗೆದುಕೊಂಡಳು. ಮಗಳು ಮೆಟ್ಟಿಲ ಮೇಲೆ ಬ್ಯಾಗ್ ಹಾಕಿಕೊಂಡು ಕೂರುತ್ತಿದ್ದುದನ್ನು ಅವಳು ಆಗ ಆಟ ಅಂದುಕೊಂಡಿದ್ದಳು. ಕೆನ್ನೆ ಒರೆಸಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಆಮೇಲೆ ಬಂದ ದನಿ ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುವ ದನಿ.

"ಅಳು ಸಾಕು. ಇಬ್ರೂ ಅತ್ತಾಯ್ತು. ಈಗ ನಾನು ಹೇಳೋದನ್ನ ಹಾಗೇ ಹೇಳ್ಬೇಕು. ಫೋನ್ ಇಡ್ಬೇಡ, ಕೈಯಲ್ಲೇ ಹಿಡ್ಕೊಂಡು ಒಳಗೆ ಹೋಗು... ಆಯಾನ ಫೋನಾದ್ರೇನು, ಹತ್ತು ನಿಮಿಷ ಬೇಕು ಅಂತ ಕೇಳು... ಕೊಟ್ಲಾ? ಚಾರ್ಜ್ ಇಲ್ವಾ? ಇದ್ದಷ್ಟು ಸಾಕು. ಪುಣ್ಯಾತ್ಗಿತ್ತಿ."

"ಹೋಗಿ ಹೀಗನ್ನು. ನಾನು ಸಹಿ ಹಾಕಲ್ಲ. ನನ್ನ ಇಚ್ಛೆ ಅವನು ಇಲ್ಲೇ ಓದ್ಬೇಕು ಅನ್ನೋದು. ನಿಮಗೆ ತೆಗೀಬೇಕು ಅನ್ನಿಸಿದ್ರೆ, ನೀವೇ ಬರೀರಿ, ಕಾರಣ ಬರ್ದು ನೀವೇ ಸಹಿ ಹಾಕಿ ಕೊಡಿ. ಅದ್ರಲ್ಲಿ ಡಾಕ್ಟರ್ ಚೀಟಿ ವಿಷಯ, ಸೈರನ್ ವಿಷಯ ಎರಡನ್ನೂ ಬರೀರಿ. ಅಷ್ಟೇ... ಬರೆಯಲ್ಲ ಕಣೇ ಅವರು. ಬರ್ದ್ರೆ ಮೇಲಿನವರಿಗೆ ಉತ್ತರ ಕೊಡ್ಬೇಕಾಗುತ್ತೆ... ಕೂಗಾಡ್ಬೇಡ. ಗಾಜು ನಾವು ಹಾಕಿಸಿ ಕೊಡ್ತೀವಿ ಅನ್ನು. ಟೀಚರ್ ಕೈ ಹೇಗಿದೆ ಅಂತ ಕೇಳು. ಮನುಷ್ಯರ ಹಾಗೆ ಮಾತಾಡು, ಆದ್ರೆ ಬಗ್ಗಬೇಡ."

"ಕೈ ನಡುಗುತ್ತಾ?... ನಡುಗ್ಲಿ. ಪೆನ್ನು ಹಿಡೀದಿದ್ರೆ ಆಯ್ತು."

ಅಕ್ಕ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಒಂದು ಗುಂಡಿಯನ್ನು ಬೆರಳ ಸಂದಿಯಲ್ಲಿ ಸಿದ್ಧವಾಗಿ ಹಿಡಿದಳು. ಈ ತಂಗಿ ಯಾವ ಮಾತನ್ನಾದರೂ ಶುರು ಮಾಡುವುದೇ ಕ್ಷಮೆ ಕೇಳುವುದರಿಂದ.

"ಇದೀನಿ... ಹೋಗು... ಇದೀನಿ ಅಂದೆನಲ್ಲ... ಬಾಗಿಲು ತಟ್ಟು. ಕೂತ್ಕೊಳ್ಳಿ ಅಂದ್ರೆ ಕೂತ್ಕೋ, ನೀರು ಕೊಟ್ರೆ ಕುಡಿ..."

"..."

"ಹೂಂ..."

"..."

"ಹಾಂ... ಅದೇ... ಇನ್ನೊಂದ್ಸಲ ಹೇಳು, ಅವರಿಗೆ ಕೇಳಿಸೋ ಹಾಗೆ..."

ಅಕ್ಕನ ಹುಬ್ಬು ಮೇಲೇರಿತು. ಮಗಳು ಕೂಡ ಫೋನಿನ ಹಿಂಬದಿಗೆ ಕಿವಿ ಒತ್ತಿ ನಿಂತಿದ್ದಳು. ಇಬ್ಬರ ತಲೆಯೂ ತಾಗುತ್ತಿತ್ತು, ಮಗಳು ದೂರ ಸರಿಯಲಿಲ್ಲ. ಗುಂಡಿ ಬೆರಳ ಸಂದಿಯಲ್ಲೇ ಇತ್ತು.

"ಈಗ ಕೇಳು, ಕೊನೇದು... ಬರ್ದು ಕೊಡಿ ಅಂತ... ಶಭಾಷ್... ಹಲೋ?... ಹಲೋ, ಕೇಳಿಸ್ತಿದ್ಯಾ? ಮೇಡಂ ಏನಂದ್ರು?... ಹಲೋ?"

ಲೈನ್ ಕಟ್ಟಾಗಿತ್ತು. ಅಕ್ಕ ಕೈ ಬಿಚ್ಚಿ ನೋಡಿಕೊಂಡಳು, ಡಬ್ಬಿಗೆ ಹಾಕಬೇಕಾಗಿ ಬಾರದ ಗುಂಡಿ ಅಲ್ಲೇ ಇತ್ತು. ಮಗಳು ಆಗಲೇ ಬೀಗ ತೆಗೆದುಕೊಂಡು ಅಂಗಡಿಯಿಂದ ಇಳಿದು, ಶಟರಿಗೆ ಕೈ ಹಾಕಿದ್ದಳು.

"ಬಾ ಅಮ್ಮ," ಅಂದಳು. "ಆಂಟಿ ಒಬ್ರೇ ಇದಾರೆ."