ಬಿಸಿಲಿಗೆ ಆಗದ ಬಣ್ಣ

ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಪ್ರೊಫೆಸರು, ಪಿಎಚ್‌ಡಿ ಪ್ರಬಂಧದ ಕಟ್ಟು ಹೊತ್ತ ಅವರ ವಿದ್ಯಾರ್ಥಿನಿ.

“ಐದನೇ ಅಧ್ಯಾಯ ತೆಗಿಯಮ್ಮ.”

“ಸರ್, ಬಿಸಿಲು ಹೀರಿ ಕರೆಂಟ್ ಕೊಡ್ಲಿ ಅಂತ ಸೋಲಾರ್ ಸೆಲ್‌ಗೆ ಮಾಡಿದ ಬಣ್ಣ ಇದು. ಬಿಸಿಲಲ್ಲೇ ಮೂರು ದಿನಕ್ಕೆ ಮಾಸುತ್ತೆ. ಬರೀಬಾರ್ದಾ?”

“ಬಿಸಿಲಿಗೆ ಯಾಕಿಟ್ಟೆ? ಲ್ಯಾಬ್ ದೀಪದ ಕೆಳಗೆ ಅಳೆದು ಸುಮ್ನಿರು ಅಂದಿರಲಿಲ್ವಾ?”

“ಐದು ವರ್ಷ ಸರ್. ನಲವತ್ತೊಂದು ಬಣ್ಣ ಮಾಡ್ದೆ, ಎಲ್ಲಾ ಮಾಸಿದ್ವು.”

“ಗೊತ್ತು. ನಿನಗಿಂತ ಮುಂಚೆ ಇದ್ದವಳೂ ಇದನ್ನೇ ಕಂಡುಹಿಡಿದಿದ್ಲು.”

“ಮೊದಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿಲ್ಲದೆ ಗೈಡ್ ಆಗ್ತೀನಾ?”

“ಆ ಅಕ್ಕ ಈಗೆಲ್ಲಿದ್ದಾರೆ?”

“ಬಟ್ಟೆ ಅಂಗಡೀಲಿ. ಬಣ್ಣ ಹೋಗಲ್ಲ ಅಂತ ಆಣೆ ಮಾಡಿ ಮಾರ್ತಾಳೆ. ಅದನ್ನೇ ಇಲ್ಲಿ ಹೇಳಿದ್ದಿದ್ರೆ ಡಾಕ್ಟರ್ ಆಗಿರ್ತಿದ್ಲು.”

“ನಾನು ತೆಗೀದೇ ಇದ್ರೆ?”

“ನಾನು ಸಹಿ ಹಾಕಲ್ಲ. ಇನ್ನೆರಡು ವರ್ಷ ಬಣ್ಣ ಕಲಸ್ತಾ ಇರು.”

ಹುಡುಗಿ ಕಟ್ಟು ಬಿಚ್ಚಿ ಹನ್ನೊಂದು ಹಾಳೆ ಹೊರಗೆಳೆದಳು. ಉಳಿದದ್ದನ್ನು ಅಂಗಡಿಯವನಿಗೆ ಕೊಟ್ಟಳು.

“ಇದನ್ನ ಹರಿದುಬಿಡ್ಲಾ ಸರ್?”

“ಛೆ ಛೆ, ಕೊಡಿಲ್ಲಿ. ಹೊರಗೆ ಏನು ಬಿಸಿಲು ಮಾರಾಯ್ತಿ!”

ಹಾಳೆಗಳನ್ನು ತಮ್ಮ ಬೋಳುತಲೆಗೆ ಅಡ್ಡ ಹಿಡಿದು ಅವರು ಹೊರಟರು. ಹುಡುಗಿ ಕಣ್ಣು ಕಿರಿದು ಮಾಡಿಕೊಂಡು ಹಿಂದೆಯೇ ಬಿಸಿಲಿಗಿಳಿದಳು.