ಇಬ್ಬರೂ ಬೇಡಿಕೊಂಡ್ವಿ

ಅಲ್ಲ ಕಣ್ರೋ, ದೇವರು ಕಾಪಾಡಿದ ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ ನನ್ನ ಮುಂದೆ. ಸುಳ್ಳು ಅಂತಲ್ಲ, ನಿಮ್ಮ ತಾತ ಒಳಗೆ ಕೆಮ್ಮುತ್ತಾ ಕೂತಿದ್ದಾರಲ್ಲ, ಆದ್ರೂ ಆ ಮಾತು ಕೇಳಿದ್ರೆ ನಂಗೆ ದಿಕ್ಕೇ ತೋಚಲ್ಲ. ಕೊರೋನಾ ಬಂತಲ್ಲ, ಮೊದಲನೇದಲ್ಲ, ಎರಡನೇದು, ನೀವೆಲ್ಲ ಫೋನಲ್ಲಿ ಪಾಠ ಕೇಳ್ತಿದ್ರಲ್ಲ, ಆಗ. ಈ ಶಿವಾರಪಟ್ಟಣದಲ್ಲಿ ತಾತ ಕೆತ್ತಿದ ವಿಗ್ರಹಗಳಿಗೆ ಹುಲ್ಲು ಸುತ್ತಿ ಟೆಂಪೋದಲ್ಲಿ ಸಾಗಿಸ್ತಿದ್ದೋರು ಪಕ್ಕದ್ಮನೆ ಬಾಷಾ ಸಾಬ್ರು. ಇಬ್ಬರೂ ಒಟ್ಟಿಗೆ ಮುಳಬಾಗಿಲ ಕಡೆ ಒಂದು ಆಂಜನೇಯನ್ನ ಇಳಿಸಿ ಬಂದ್ರು ನೋಡಿ, ಬಂದೋರಿಗೆ ಇಬ್ಬರಿಗೂ ಜ್ವರ. ಒಂದೇ ಆಂಬುಲೆನ್ಸು, ಕೋಲಾರದಲ್ಲಿ ಒಂದೇ ವಾರ್ಡು. ನಮ್ಮನ್ನ ಬಾಗಿಲ ಹತ್ರಾನೂ ಬಿಡ್ಲಿಲ್ಲ.

ಸಾಬ್ರ ಹೆಂಡತಿ ನೂರಿ ಗೋಡೆ ಆಚೆ, ನಾನು ಈಚೆ. ನಾನು ದೀಪ ಹಚ್ಚೋದು, ಅವಳು ನಮಾಜು ಮಾಡೋದು. "ಅಕ್ಕಾ, ದುವಾದಲ್ಲಿ ಅಣ್ಣನ ಹೆಸರೂ ಹೇಳ್ದೆ" ಅನ್ನೋಳು. ನಾನೂ ಅಷ್ಟೇ, ಮೊದಲು ಸಾಬ್ರ ಹೆಸರು, ಆಮೇಲೆ ಇವರದು... ಅಲ್ಲ, ಮೊದಲು ಇವರದೇ ಇರ್ಬೇಕು, ಸುಳ್ಳು ಯಾಕೆ ಹೇಳ್ಲಿ. ಆಮೇಲೇನಾಯ್ತು, ಇವರು ಮನೆಗೆ ಬಂದ್ರು. ಸಾಬ್ರು ಬರ್ಲಿಲ್ಲ. ಮಣ್ಣು ಮಾಡುವಾಗ ಮುಖ ಸಹ ತೋರಿಸ್ಲಿಲ್ಲವಂತೆ ಅವಳಿಗೆ.

ಊರೆಲ್ಲ ನಂಗೆ, "ನಿನ್ನ ಪೂಜೆ ಫಲಿಸ್ತು ಕಣಮ್ಮ" ಅಂದ್ರು. ಹಂಗಂದ್ರೆ ಅವಳ ಪೂಜೆ? ನಗ್ಬೇಕೋ ಅಳ್ಬೇಕೋ ತಿಳೀಲಿಲ್ಲ, ಗಂಡನಿಗೆ ಗಂಜಿ ಕುಡಿಸ್ತಾ ಕುಡಿಸ್ತಾ ಅಳು ಬರೋದು, ಅಳ್ತಿದ್ದಂಗೇ ಇವರು ಬದುಕಿದ್ದಾರಲ್ಲ ಅಂತ ಸಂತೋಷ ಬರೋದು, ಆ ಸಂತೋಷಕ್ಕೆ ನಾಚಿಕೆ ಬರೋದು. ನೂರಿ ಮನೆಗೆ ಹೊರಟ್ರೆ ಇವರು ಉಸಿರು ಎಳ್ಕೊಂಡು, "ಹೋಗ್ಬೇಡ ಕಣೇ, ನಿನ್ನ ನೋಡಿದ್ರೆ ಅವಳ ಹೊಟ್ಟೆ ಇನ್ನಷ್ಟು ಉರಿಯುತ್ತೆ" ಅಂದ್ರು. ಹೌದು ಅನ್ನಿಸ್ತು. ಆದ್ರೂ ಕೂರಕ್ಕಾಗ್ಲಿಲ್ಲ, ಬಿಸಿ ಅನ್ನ, ಹುರುಳಿ ಸಾರು ತಗೊಂಡು ಹೋಗಿ ಅವಳ ಬಾಗಿಲಲ್ಲಿ ನಿಂತೆ.

ನೋಡಿದ್ಲು. ಎದ್ದು ಬಂದು, "ನಿನ್ನ ದೇವರು ಕೇಳಿಸ್ಕೊಂಡ. ನಾನು ಬೇಡಿದ್ದು ಎಲ್ಲಿಗೆ ಹೋಯ್ತಕ್ಕಾ? ಹೇಳು!" ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿದ್ಲು. ಸಾರು ಸೀರೆ ಮೇಲೆ ಚೆಲ್ತು. ದೇವುಡಾ, ಏನು ಹೇಳ್ಲಿ? ಸಮಾಧಾನಕ್ಕೆ ಏನಾದ್ರೂ ಅನ್ನಬಹುದಿತ್ತು, ಎಲ್ಲರೂ ಅಂತಾರಲ್ಲ, ಒಳ್ಳೆಯವರನ್ನ ಬೇಗ ಕರ್ಕೋತಾನೆ ಅಂತ. ಹಂಗನ್ನೋಕೆ ನಂಗೆ ಮನಸ್ಸು ಬರ್ಲಿಲ್ಲ. "ನಂಗೊತ್ತಿಲ್ಲ ಕಣೇ ನೂರಿ, ನಿಜವಾಗ್ಲೂ ಗೊತ್ತಿಲ್ಲ" ಅಂದೆ.

ಅವಳು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತ್ಲು, ನಾನೂ ಕೂತೆ. ಇಬ್ಬರೂ ಅತ್ವಿ. ಸುಮಾರು ಹೊತ್ತಾದ್ಮೇಲೆ ಸೆರಗಲ್ಲಿ ಮೂಗೊರೆಸ್ಕೊಂಡು ಅವಳೇ ಕೇಳಿದ್ಲು, "ಅಣ್ಣ ಏನಾದ್ರೂ ತಿಂತಾರಾ?"

ಯಾರು ಯಾರನ್ನ ಕೇಳೋ ಮಾತದು! ಆವತ್ತು ಅವಳ ಬಾಯಿಗೆ ನಾನೇ ಎರಡು ತುತ್ತು ಇಟ್ಟೆ. ದೇವರ ಲೆಕ್ಕ ನಂಗೆ ಇವತ್ತಿಗೂ ಅರ್ಥ ಆಗಿಲ್ಲ, ದೀಪ ಹಚ್ತೀನಿ, ಹಚ್ತಾ ಜಗಳಾನೂ ಆಡ್ತೀನಿ. ಅದಕ್ಕೇ ಹೇಳ್ತೀನಿ ಕೇಳಿ, ಸಾವಾದ ಮನೆಗೆ ಏನು ಹೇಳೋದು ಅಂತ ಯೋಚ್ನೆ ಮಾಡ್ತಾ ಹೊರಗೆ ನಿಲ್ಬೇಡಿ. ಗೊತ್ತಿಲ್ಲ ಅಂದ್ರೂ ಸರಿ, ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ.